ಮೊದಲು ಕ್ಲಾಕ್ (ಪ್ರೊಸೆಸರ್ ಓಡುವ ಸ್ಪೀಡ್) ನೋಡಿ, ಆಮೇಲೆ ದುಡ್ಡು ಬಿಚ್ಚಿ: ಮಲ್ಪೆಯ ಹಳೆ ಲ್ಯಾಪ್‌ಟಾಪ್ ಸರಿಮಾಡಿದ ನನ್ನ ಅನುಭವ

ಹಾರ್ಡ್‌ಡಿಸ್ಕ್ ಬದಲಿಗೆ ವೇಗದ ಎಸ್‌ಎಸ್‌ಡಿ ಹಾಕಿದ ಮೇಲೂ ತೆವಳುವ ಲ್ಯಾಪ್‌ಟಾಪ್ ನಿಮ್ಮ ಟೇಬಲ್ಲಿಗೂ ಬಂದಿರುತ್ತದೆ. ರ್‍ಯಾಮ್ ಏರಿಸಿ ಆಗಿದೆ, ವಿಂಡೋಸ್ ಹೊಸದಾಗಿ ಹಾಕಿ ಆಗಿದೆ. ಆದರೂ ಸ್ಟಾರ್ಟ್ ಬಟನ್ ಒತ್ತಿ ಕೈಕಟ್ಟಿ ಕೂರಬೇಕು. ಇಂಥದ್ದಕ್ಕೆ ನಮ್ಮ ರಿಪೇರಿ ಲೈನಿನಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ. ಬೋರ್ಡಿಗೆ ಏನೂ ಆಗಿರದೆ ಹೀಗೆ ಗುಜರಿಗೆ ಹೋದ ಮಷೀನ್‌ಗಳು ಉಡುಪಿಯಲ್ಲಿ ಕಡಿಮೆ ಇಲ್ಲ ಅಂತ ನಾನು ಬಹಳ ಸಮಯದಿಂದ ಹೇಳುತ್ತಿದ್ದೆ. ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಈಗ ಅದೇ ಜನ ಅಂಥ ಮಷೀನ್ ಬಂದರೆ ನನ್ನ ಹತ್ತಿರ ಕಳಿಸುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮಷೀನ್ ಮಲ್ಪೆ ಬಂದರಿನ ಒಬ್ಬ ಮೀನು ಕಮಿಷನ್ ಏಜೆಂಟರದ್ದು. ನಾಲ್ಕನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, ಹೆಸರಿನ ಕೊನೆಗೆ 'ಯು' ಇರುವ, ಕಡಿಮೆ ಕರೆಂಟು ಎಳೆಯುವ ಜಾತಿ. 2014-15ರಲ್ಲಿ ತಗೊಂಡಿರಬೇಕು. ಅದರಲ್ಲಿ ಇರುವುದು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಬೋಟಿನವರ ಲೆಕ್ಕ, ಸ್ವಲ್ಪ ಎಕ್ಸೆಲ್, ಅಷ್ಟೇ. ಬೆಳಿಗ್ಗೆ ಏಲಂ ಮುಗಿದ ಕೂಡಲೇ ಲೆಕ್ಕ ಬೇಕು, ಟ್ಯಾಲಿ ತೆರೆಯಲು ನಾಲ್ಕೈದು ನಿಮಿಷ. ಅವರ ಮಂಡೆ ಬಿಸಿ ಆಗದೆ ಇರುತ್ತದಾ?

ನನ್ನ ಹತ್ತಿರ ಬರುವಷ್ಟರಲ್ಲಿ ಅದು ಬೇರೆ ಅಂಗಡಿ ಸುತ್ತಿ ಬಂದಿತ್ತು. 240 ಜಿಬಿ ಎಸ್‌ಎಸ್‌ಡಿಗೆ ಸುಮಾರು 1,800 ರೂಪಾಯಿ. ಇನ್ನೊಂದು 4 ಜಿಬಿ ರ್‍ಯಾಮ್‌ಗೆ 900 ಚಿಲ್ಲರೆ. ವಿಂಡೋಸ್ ಹಾಕಿದ್ದಕ್ಕೆ, ಕೂಲಿಗೆ ಅಂತ 800ರ ಹತ್ತಿರ. ಅದರ ಮೇಲೆ ಒಂದು ಡೂಪ್ಲಿಕೇಟ್ ಅಡಾಪ್ಟರ್, 650. ಒಟ್ಟು ನಾಲ್ಕು ಸಾವಿರ ದಾಟಿತ್ತು. ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಅದನ್ನೂ ಬದಲಿಸಿ ಅಂತ ಹೇಳಿ ಕಳಿಸಿದ್ದರಂತೆ. "ಇನ್ನು ಒಂದು ರೂಪಾಯಿ ಇದಕ್ಕೆ ಹಾಕುವುದಿಲ್ಲ ಮಾರಾಯ್ರೆ, ಆಗುವುದಾದರೆ ಮಾಡಿ, ಇಲ್ಲದಿದ್ದರೆ ನೀವೇ ಇಟ್ಟುಕೊಳ್ಳಿ" ಅಂದರು.

ಎಸ್‌ಎಸ್‌ಡಿ ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಹಳೆ ಹಾರ್ಡ್‌ಡಿಸ್ಕ್ ತರಿಸಿ, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿದೆ. ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಜಾಗ) ಹಳದಿ ಬಣ್ಣಕ್ಕೆ ತಿರುಗಿತ್ತು, ಅದು ಹೋಗಬೇಕಾದದ್ದೇ. ಆದರೆ ಮಷೀನ್ ತೆವಳುತ್ತಿದ್ದದ್ದು ಅದೊಂದರಿಂದಲೇ ಅಲ್ಲ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ತಣ್ಣಗೆ ಎರಡು ಮೂರು ಪರ್ಸೆಂಟ್. ಸಿಪಿಯು ನೂರಕ್ಕೆ ಅಂಟಿಕೊಂಡು ನಿಂತಿದೆ. ಎಲ್ಲರೂ ನೋಡುವುದು ಆ ನೂರನ್ನು, "ವೈರಸ್" ಅನ್ನುವುದು, ಮತ್ತೊಮ್ಮೆ ಫಾರ್ಮ್ಯಾಟ್ ಹೊಡೆಯುವುದು. ನಾನು ನೋಡುವುದು ಅದರ ಕೆಳಗೆ ಬರೆದಿರುವ ಸ್ಪೀಡ್. ಅಲ್ಲಿ 0.78 ಗಿಗಾಹರ್ಟ್ಸ್ ಅಂತ ಇತ್ತು. ಟರ್ಬೊದಲ್ಲಿ 2.7ರವರೆಗೆ ಓಡಬೇಕಾದ ಪ್ರೊಸೆಸರ್ ಅದು. ಏನು ಮಾಡಿದರೂ 0.78 ಬಿಟ್ಟು ಅಲುಗಾಡಲಿಲ್ಲ.

ಬಿಸಿಯಾಗಿ ಸ್ಪೀಡ್ ಇಳಿದಿದೆಯಾ? ಬಿಸಿ ಎಷ್ಟೆಂದು ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್ ಹಾಕಿದೆ. 45ರಿಂದ 48 ಡಿಗ್ರಿ. ಇದನ್ನು ಗಮನಿಸಿ. ಕ್ಲಾಕ್ ತಳ ಹಿಡಿದಿದೆ, ಬಿಸಿಯೂ ಇಲ್ಲ ಅಂದರೆ ಹೊರಗಿನಿಂದ ಯಾರೋ ಪ್ರೊಸೆಸರಿನ ಕೈ ಹಿಡಿದು ನಿಲ್ಲಿಸಿದ್ದಾರೆ ಅಂತ ಅರ್ಥ.

ವಿಂಡೋಸ್‌ದೇ ತೊಂದರೆ ಅನ್ನುವವರ ಬಾಯಿ ಮುಚ್ಚಿಸಲು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಇನ್‌ಸ್ಟಾಲ್ ಏನೂ ಬೇಡ, ಲೈವ್ ಸಾಕು. ಅಲ್ಲಿಯೂ ನಾಲ್ಕೂ ಥ್ರೆಡ್ 800 ಮೆಗಾಹರ್ಟ್ಸ್ ಆಸುಪಾಸಿನಲ್ಲೇ ನಿಂತಿದ್ದವು. ಅಲ್ಲಿಗೆ ವೈರಸ್, ಡ್ರೈವರ್, ಅಪ್‌ಡೇಟ್ ಎಲ್ಲದರ ಮೇಲಿನ ಸಂಶಯ ಹೋಯಿತು. ನನ್ನ ಪ್ರಕಾರ ಸ್ಲೋ ಅಂತ ಬರುವ ಪ್ರತಿಯೊಂದು ಮಷೀನಿಗೂ ಇದನ್ನು ಮಾಡಬೇಕು. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ.

ಮುಂದಿನದ್ದು ನನ್ನ ಇಷ್ಟದ ಪರೀಕ್ಷೆ. ಬ್ಯಾಟರಿ 20 ಪರ್ಸೆಂಟ್ ಹತ್ತಿರ ನಿಂತುಬಿಟ್ಟಿತ್ತು, ಏರುತ್ತಿರಲಿಲ್ಲ. ಅಡಾಪ್ಟರ್ ವಯರ್ ಎಳೆದೆ. ಒಂದೆರಡು ಸೆಕೆಂಡಿನಲ್ಲಿ ಕ್ಲಾಕ್ 2.4ಕ್ಕೆ ಹಾರಿತು, ಟ್ಯಾಲಿ ಫಟ್ ಅಂತ ತೆರೆಯಿತು! ಪುನಃ ಚುಚ್ಚಿದೆ, 0.78. ಕರೆಂಟು ಕೊಟ್ಟರೆ ನಿಧಾನ, ಕಿತ್ತರೆ ಜೋರು. ಪಕ್ಕದಲ್ಲಿ ನಿಂತಿದ್ದ ನಮ್ಮ ಲೈನಿನ ಒಬ್ಬರು "ಇದೆಂತ ಉಲ್ಟಾ ಮಾರಾಯ" ಅಂದರು.

ಉಲ್ಟಾ ಏನಲ್ಲ. ಈ ಜಾತಿಯ ಅಡಾಪ್ಟರಿನ ತುದಿಯಲ್ಲಿ ನಡುವೆ ಒಂದು ತೆಳ್ಳಗಿನ ಪಿನ್ ಇರುತ್ತದೆ. ಅಡಾಪ್ಟರ್ ಒಳಗಿನ ಸಣ್ಣ ಚಿಪ್ ತಾನು ಎಷ್ಟು ವಾಟ್ ಎಂದು ಆ ಪಿನ್ ಮೂಲಕ ಲ್ಯಾಪ್‌ಟಾಪಿಗೆ ಹೇಳುತ್ತದೆ. ಆ ಮಾತು ತಲುಪದಿದ್ದರೆ ಲ್ಯಾಪ್‌ಟಾಪ್ ಅಡಾಪ್ಟರನ್ನು ನಂಬುವುದಿಲ್ಲ. ಬ್ಯಾಟರಿಗೆ ಚಾರ್ಜ್ ಕೊಡುವುದಿಲ್ಲ, ಪ್ರೊಸೆಸರನ್ನು ತಳಕ್ಕೆ ಇಳಿಸಿ ಇಡುತ್ತದೆ. ಮಲ್ಟಿಮೀಟರ್ ಹಿಡಿದರೆ 19.5 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ, ಹಾಗಾಗಿ ಎಲ್ಲರೂ ಮೋಸ ಹೋಗುತ್ತಾರೆ. ಬಯಾಸ್ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ನೋಡಿದರೆ ಅಡಾಪ್ಟರ್ ಗೊತ್ತಾಗುತ್ತಿಲ್ಲ ಅಂತ ಬರೆದಿರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗೆ ಮೊದಲು ಮತ್ತು ಮಳೆ ಹೋಗುವಾಗ ಹೊಡೆಯುವ ಸಿಡಿಲಿಗೂ ಆ ಚಿಪ್ ಸಾಯುತ್ತದೆ. ವೋಲ್ಟೇಜ್ ಬರುತ್ತಲೇ ಇರುತ್ತದೆ, ಮಾತು ಮಾತ್ರ ನಿಂತಿರುತ್ತದೆ.

ಇದಕ್ಕೊಂದು ಸುಲಭದ ದಾರಿ ಇದೆ, ತುಂಬ ಜನ ಅದನ್ನೇ ಮಾಡಿ ಕೈತೊಳೆದುಕೊಳ್ಳುತ್ತಾರೆ. ಥ್ರಾಟಲ್‌ಸ್ಟಾಪ್ ಅನ್ನುವ ಸಾಫ್ಟ್‌ವೇರ್ ಹಾಕಿ, ಅದರಲ್ಲಿ 'BD PROCHOT' (ಸ್ಪೀಡ್ ಇಳಿಸು ಅಂತ ಹೊರಗಿನಿಂದ ಪ್ರೊಸೆಸರಿಗೆ ಬರುವ ಸೂಚನೆ) ಅನ್ನುವ ಟಿಕ್ ತೆಗೆದರೆ ಆಯಿತು, ಕ್ಲಾಕ್ ಏರುತ್ತದೆ. ನಾನೂ ತೆಗೆದು ನೋಡಿದೆ, ಏರಿತು. ಆದರೆ ಗಿರಾಕಿಗೆ ಹಾಗೆ ಕೊಟ್ಟು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಬೋರ್ಡಿನ ಬೇರೆ ಭಾಗ ಬಿಸಿಯಾದರೂ ಪ್ರೊಸೆಸರಿಗೆ ಸುದ್ದಿ ಹೋಗುವುದು ಅದೇ ದಾರಿಯಲ್ಲಿ. ಅದನ್ನು ಮುಚ್ಚಿಟ್ಟು 650 ರೂಪಾಯಿಯ ಡೂಪ್ಲಿಕೇಟ್ ಅಡಾಪ್ಟರಿನಲ್ಲಿ ಪೂರ್ತಿ ಲೋಡ್ ಎಳೆದರೆ ಏನಾಗಬಹುದು? ಬ್ಯಾಟರಿ ಅಂತೂ ಆಗಲೂ ಚಾರ್ಜ್ ಆಗುವುದಿಲ್ಲ. ತನಿಖೆಗೆ ಮಾತ್ರ ಆ ಟಿಕ್ ಮುಟ್ಟಿ.

ನನ್ನ ಒರಿಜಿನಲ್ 65 ವಾಟ್ ಅಡಾಪ್ಟರ್ ಚುಚ್ಚಿದೆ. ಬದಲಾವಣೆ ಇಲ್ಲ. ಎಲ್ಲರೂ ಕೈಬಿಡುವುದು ಇಲ್ಲಿಯೇ. ಒರಿಜಿನಲ್ ಹಾಕಿದರೂ ಆಗಲಿಲ್ಲ, ಹಾಗಾದರೆ ಬೋರ್ಡೇ ಹೋಗಿದೆ ಅಂತ. "ನಾವು ಹೇಳಲಿಲ್ವಾ" ಎಂದು ನಮ್ಮ ಲೈನಿನವರಿಂದ ಫೋನಿನಲ್ಲೂ ಕೇಳಬೇಕಾಯಿತು. ನನಗೆ ಜ್ಯಾಕ್ (ಲ್ಯಾಪ್‌ಟಾಪಿನಲ್ಲಿ ಅಡಾಪ್ಟರ್ ಚುಚ್ಚುವ ಜಾಗ) ಮೇಲೆ ಸಂಶಯ. ಪ್ಲಗ್ ಅಲುಗಾಡಿಸುತ್ತಾ ಒಂದು ಕೋನದಲ್ಲಿ ಒತ್ತಿ ಹಿಡಿದು ಆನ್ ಮಾಡಿದಾಗ, ಒಂದು ಸಲ ಬಯಾಸ್ 65 ವಾಟ್ ಅಂತ ತೋರಿಸಿತು. ಬೋರ್ಡಿಗೆ ಏನೂ ಆಗಿಲ್ಲ ಅಂತ ಆ ಗಳಿಗೆಯಲ್ಲೇ ನನಗೆ ಖಾತ್ರಿಯಾಯಿತು.

ಬಿಚ್ಚಿದೆ. ಜ್ಯಾಕಿನ ಒಳಗೆ ಹಸಿರು ಕಿಲುಬು. ಆಶ್ಚರ್ಯ ಏನಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ಆಫೀಸಿಗೆ ಬೀಗ. ಲ್ಯಾಪ್‌ಟಾಪ್ ಆ ಎರಡು ತಿಂಗಳು ಮೇಜಿನ ಡ್ರಾವರಿನಲ್ಲಿ, ಸಮುದ್ರದಿಂದ ಕೂಗಳತೆ ದೂರದಲ್ಲಿ. ಮಳೆಗಾಲದ ತೇವ, ಉಪ್ಪಿನ ಗಾಳಿ, ಕರೆಂಟಿನ ಬಿಸಿ ಇಲ್ಲ, ಫ್ಯಾನ್ ತಿರುಗುವುದಿಲ್ಲ. ವರ್ಷವೂ ಹೀಗೆ. ದಪ್ಪದ ಪವರ್ ಸಂಪರ್ಕಕ್ಕೆ ಸ್ವಲ್ಪ ಕಿಲುಬು ಹಿಡಿದರೂ ಕರೆಂಟು ಹೇಗೋ ದಾಟುತ್ತದೆ. ನಡುವಿನ ತೆಳ್ಳಗಿನ ಪಿನ್ನಿಗೆ ಹಿಡಿದರೆ ಸಿಗ್ನಲ್ ಸತ್ತಿತು. ಅಗಸ್ಟಿನಲ್ಲಿ "ಮಳೆಗಾಲದ ರಜೆ ಮುಗಿದ ಮೇಲೆ ಸ್ಲೋ ಆಯ್ತು" ಅಂತ ಬರುವ ಲ್ಯಾಪ್‌ಟಾಪ್‌ಗಳ ಗುಟ್ಟು ಇದೇ ಎಂದು ನನ್ನ ನಂಬಿಕೆ.

ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಸಣ್ಣ ಬ್ರಷ್‌ನಲ್ಲಿ ಉಜ್ಜಿದೆ. ಸರಿಯಾಯಿತು, ಮನೆಗೆ ಹೋಯಿತು, ಒಂದೆರಡು ವಾರದಲ್ಲಿ ವಾಪಸ್ ಬಂತು. ಕಿಲುಬು ಹಿಡಿದ ಜ್ಯಾಕ್ ತೊಳೆದರೆ ಮೇಲಿನ ಲೇಪ ಹೋಗಿರುತ್ತದೆ, ಪುನಃ ಬೇಗ ಹಿಡಿಯುತ್ತದೆ. ಹಾಗಾಗಿ ಕೇಬಲ್ ಸಮೇತ ಜ್ಯಾಕ್ ಬದಲಿಸುವುದೇ ದಾರಿ. ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿದೆ, 350ರ ಆಸುಪಾಸು. ಯಾರ ಹತ್ತಿರ ತರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹಾಗೆಯೇ ಕಿಲುಬು ಜ್ಯಾಕಿನಲ್ಲಿದೆಯೋ ಬೋರ್ಡಿನ ಕನೆಕ್ಟರಿನಲ್ಲಿದೆಯೋ ಎಂದು ಬಿಚ್ಚುವ ಮೊದಲೇ ಹೇಳುವ ಒಂದು ಉಪಾಯ ಇದೆ. ಅದರಲ್ಲಿ ನನ್ನ ಹೊಟ್ಟೆಪಾಡು ಇದೆ, ಇಲ್ಲಿ ಬರೆಯುವುದಿಲ್ಲ.

ಡೂಪ್ಲಿಕೇಟ್ ಅಡಾಪ್ಟರ್ ಹೊಸ ಜ್ಯಾಕಿನಲ್ಲೂ ಗುರುತು ಸಿಗಲಿಲ್ಲ. ಏಜೆಂಟರ ಮನೆಯ ಕಪಾಟಿನಲ್ಲಿ ಬಿದ್ದಿದ್ದ ಹಳೆ ಒರಿಜಿನಲ್ ತರಿಸಿದೆ, ಅದು ಸರಿಯಾಗಿಯೇ ಇತ್ತು! ಬ್ಯಾಟರಿ ಏರತೊಡಗಿತು, ಒಂದೂವರೆ ಗಂಟೆಯಷ್ಟು ನಿಂತಿತು. ಬದಲಿಸಲು ಹೇಳಿದ್ದ ಬ್ಯಾಟರಿ ಅದು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಕ್ಲಾಕ್ ಏರಿದ ಕೂಡಲೇ ಅಷ್ಟು ದಿನ ಮರೆಯಲ್ಲಿದ್ದ ಎರಡನೇ ತೊಂದರೆ ಮೇಲೆ ಬಂತು. ಅರ್ಧ ಗಂಟೆ ಓಡಿಸಿದರೆ 95 ಡಿಗ್ರಿ, ಸ್ಪೀಡ್ 1.3ಕ್ಕೆ ಕುಸಿತ. 0.78ರಲ್ಲಿ ಇದು ಕಾಣಿಸುವ ಪ್ರಶ್ನೆಯೇ ಇರಲಿಲ್ಲ. ಫ್ಯಾನ್ ಮತ್ತು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿತ್ತು. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಹೋಗುವುದಿಲ್ಲ, ಫ್ಯಾನ್ ತೆಗೆದೇ ಕೀಳಬೇಕು. ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಒಣಗಿ ಪುಡಿ. ಹೊಸ ಪೇಸ್ಟ್, ಫ್ಯಾನ್ ಬೇರಿಂಗಿಗೆ ಒಂದು ತೊಟ್ಟು ಹೊಲಿಗೆ ಮಷೀನಿನ ಎಣ್ಣೆ. ಈಗ ಪೂರ್ತಿ ಲೋಡಿನಲ್ಲಿ 72-75 ಡಿಗ್ರಿ.

ಕೈ ಸುಮ್ನೆ ಇರಲಿಲ್ಲ, ಬಿಸಿ ಇನ್ನೂ ಇಳಿಯಲಿ ಎಂದು ಥ್ರಾಟಲ್‌ಸ್ಟಾಪ್‌ನಲ್ಲಿ ಪ್ರೊಸೆಸರಿನ ವೋಲ್ಟೇಜ್ ಇಳಿಸಿಯೂ ನೋಡಿದೆ. ಈ ತಲೆಮಾರಿನ ಪ್ರೊಸೆಸರುಗಳಲ್ಲಿ ಅದು ನಡೆಯುತ್ತದೆ. 80 ಮಿಲಿವೋಲ್ಟ್ ಇಳಿಸಿದಾಗ ಹ್ಯಾಂಗ್. 50ರಲ್ಲಿ ಗಟ್ಟಿಯಾಗಿ ನಿಂತಿತು, ಇನ್ನೂ ನಾಲ್ಕೈದು ಡಿಗ್ರಿ ಕಡಿಮೆ. ಗಿರಾಕಿಗೆ ಅಷ್ಟು ಬೇಡ ಎಂದು ತೆಗೆದೆ, ನನ್ನ ಸ್ವಂತ ಮಷೀನಿನಲ್ಲಿ ಇಟ್ಟುಕೊಂಡಿದ್ದೇನೆ.

ಇನ್ನೊಂದು ಪ್ರಯೋಗ ತೇವದ್ದು. 300 ರೂಪಾಯಿಯ, ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ತಂದು ಜುಲೈಯಲ್ಲಿ ಅಂಗಡಿಯಲ್ಲಿ ಇಟ್ಟೆ. 85 ಪರ್ಸೆಂಟ್, ಕೆಲವು ದಿನ 90. ರಬ್ಬರ್ ಅಂಚಿನ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಟ್ಟರೆ ಒಳಗೆ 50ರ ಆಸುಪಾಸು. ಅಕ್ಕಿ ಹಾಕಿಯೂ ನೋಡಿದೆ, ಹೆಚ್ಚು ಇಳಿಯಲಿಲ್ಲ, ಜೊತೆಗೆ ಹಿಟ್ಟಿನ ಧೂಳು. ಕಪಾಟಿನಲ್ಲಿ ಬಲ್ಬ್ ಉರಿಸುವ ಹಳೆ ಪದ್ಧತಿ ಕೆಲಸ ಮಾಡುತ್ತದೆ, ಆದರೆ ಬೀಗ ಹಾಕಿದ ಆಫೀಸಿನಲ್ಲಿ ಎರಡು ತಿಂಗಳು ಬಲ್ಬ್ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ಏಜೆಂಟರಿಗೆ ಡಬ್ಬಿ ಮತ್ತು ಜೆಲ್ ಕೊಟ್ಟೆ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಪುನಃ ಹಾಕಬಹುದು. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು ಅಂತಲೂ ಹೇಳಿ ಕಳಿಸಿದೆ.

ನನ್ನ ಬಿಲ್ 1,400 ಚಿಲ್ಲರೆ ಆಯಿತು, ಕೂಲಿ ಸೇರಿ. ಟ್ಯಾಲಿ ಈಗ ಹತ್ತು ಸೆಕೆಂಡಿನ ಒಳಗೆ ತೆರೆಯುತ್ತದೆ. ಅವರು ಹೊಸದಕ್ಕೆ ಎತ್ತಿಟ್ಟ 40 ಸಾವಿರ ಬೋಟಿನ ಬಲೆಗೆ ಹೋಯಿತಂತೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ, ಬೆರಳೆಣಿಕೆಯ ಕೆಲವನ್ನು ಬಿಟ್ಟರೆ, ಎಂಟನೇ ತಲೆಮಾರಿನಿಂದ ಕೆಳಗಿನದ್ದನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗಾಗಿ ಈ ಮಷೀನಿನಲ್ಲಿ ಬ್ಯಾಂಕ್ ಕೆಲಸ ಬೇಡ, ಅದನ್ನು ಫೋನಿನಲ್ಲಿ ಮಾಡಿ ಅಂತ ಹೇಳಿದ್ದೇನೆ. ಲೆಕ್ಕಕ್ಕೆ ಇದು ಧಾರಾಳ ಸಾಕು.

ಜ್ಯಾಕ್ ತರಿಸುವವರಿಗೆ ಒಂದು ಮಾತು. ಹಳೆಯ ಕೇಬಲ್ ಮೇಲಿನ ಪಾರ್ಟ್ ನಂಬರ್ ನೋಡಿಯೇ ಆರ್ಡರ್ ಮಾಡಿ. ಬರೀ ಲ್ಯಾಪ್‌ಟಾಪ್ ಮಾಡೆಲ್ ಹೇಳಿದರೆ ಉದ್ದ ಬೇರೆ ಇರುವುದು, ಕನೆಕ್ಟರ್ ಬೇರೆ ಇರುವುದು ಬರುತ್ತದೆ, ವಾಪಸ್ ಕಳಿಸುವ ಖರ್ಚು ನಿಮ್ಮದೇ. ಹಾಕಿದ ಮೇಲೆ ಕವರ್ ಮುಚ್ಚುವ ಮೊದಲೇ ಬಯಾಸ್‌ನಲ್ಲಿ ವಾಟ್ ತೋರಿಸುತ್ತದಾ ನೋಡಿಕೊಳ್ಳಿ.