ಟಿಎಂಟಿ ರಿಪೋರ್ಟಿನಲ್ಲಿ ಮೊದಲು ನಿಮಿಷ ನೋಡಿ

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಟಿಎಂಟಿ, ಅಂದರೆ ಓಡುವ ಬೆಲ್ಟಿನ ಮೇಲೆ ನಡೆಸಿ ಇಸಿಜಿಯಲ್ಲಿ ಹೃದಯ ನೋಡುವ ಟ್ರೆಡ್‌ಮಿಲ್ ಟೆಸ್ಟ್, ಮಾಡಿಸುತ್ತಿದ್ದೇನೆ. ನಾನು ಟೆಕ್ನಿಷಿಯನ್, ಡಾಕ್ಟರಲ್ಲ. ರಿಪೋರ್ಟ್ ಕೈಗೆ ಬಂದರೆ ಸಾಕು, ಎಲ್ಲರ ಕಣ್ಣೂ ಕೊನೆಯ ಸಾಲಿಗೆ ಹೋಗುತ್ತದೆ: ಪಾಸಿಟಿವೋ, ನೆಗೆಟಿವೋ? ಮುಂದೆ ಹೇಗೆ ಅನ್ನುವ ಸುಳಿವು ಜಾಸ್ತಿ ಇರುವುದು ಅದರ ಮೇಲಿನ ಅಂಕಿಗಳಲ್ಲಿ.

ಮೊದಲು ತಯಾರಿ. ಎರಡು ಮೂರು ಗಂಟೆ ಮುಂಚೆ ಎರಡು ಇಡ್ಲಿ ತಿಂದಿದ್ದರೆ ಸಾಕು. ಬೆಣ್ಣೆ ದೋಸೆ ಬೇಡ, ಈ ಊರಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಬೀಡಿ, ಸಿಗರೇಟೂ ಬೇಡ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ಎದೆಬಡಿತ ಏರದಂತೆ ತಡೆಯುತ್ತದೆ. ಅವತ್ತು ತೆಗೆದುಕೊಳ್ಳಬೇಕೋ ಬೇಡವೋ ಡಾಕ್ಟರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಸುಮ್ನೆ ಕೂತಾಗಲೂ ಎದೆನೋವು ಬರುತ್ತಿದ್ದರೆ ಬೆಲ್ಟ್ ಹತ್ತುವ ಮುಂಚೆಯೇ ಹೇಳಿ. ಅಂಥವರಿಗೆ ಈ ಟೆಸ್ಟ್ ಮಾಡುವುದಿಲ್ಲ.

ಒಮ್ಮೆ ಒಬ್ಬ ರಿಟೈರ್ಡ್ ಮೇಷ್ಟ್ರು ಪಂಚೆ ಉಟ್ಟು, ಹವಾಯಿ ಚಪ್ಪಲಿಯಲ್ಲಿ ಬಂದರು. ಪಂಚೆ ಎತ್ತಿ ಕಟ್ಟಿಸಿ, ನಮ್ಮ ವಾರ್ಡ್ ಬಾಯ್‌ನ ಶೂ ಹಾಕಿಸಿದೆ. ನೀವು ಪ್ಯಾಂಟ್ ಅಥವಾ ಚೂಡಿದಾರ್ ಹಾಕಿಕೊಂಡು, ಶೂ ಸಮೇತ ಬನ್ನಿ.

ಹೆಚ್ಚಿನ ಕಡೆ ನಡೆಯುವುದು ಬ್ರೂಸ್ ಪ್ರೋಟೊಕಾಲ್. ಅಮೆರಿಕದ ಸಿಯಾಟಲ್‌ನ ಡಾ. ರಾಬರ್ಟ್ ಬ್ರೂಸ್ ಮಾಡಿದ್ದು. ಶುರುವಿನಲ್ಲಿ ಗಂಟೆಗೆ 2.7 ಕಿ.ಮೀ. ವೇಗ, ಶೇ. 10 ಏರು. ಪ್ರತಿ 3 ನಿಮಿಷಕ್ಕೆ ಎರಡೂ ಏರುತ್ತವೆ. 9 ನಿಮಿಷ ದಾಟಿದರೆ ಸುಮಾರು 10 ಮೆಟ್, ಅಂದರೆ ಸುಮ್ನೆ ಕೂತಾಗ ಬೇಕಾಗುವುದರ ಹತ್ತು ಪಟ್ಟು ಆಮ್ಲಜನಕ ಬಳಸಿದಂತೆ. ಕಂಬಿಗೆ ಜೋತು ಬೀಳಬೇಡಿ, ಬೆರಳು ತಾಗಿಸಿದರೆ ಸಾಕು. ಜೋತು ಬಿದ್ದು ತೆಗೆದ ನಿಮಿಷ ಸುಳ್ಳು ನಿಮಿಷ. ಇನ್ನೊಂದು, ಹೊರಗೆ ಹೆಂಡತಿ ಕೂತಿದ್ದಾಳೆ ಅಂತ ನೋವು ಮುಚ್ಚಿಡುವ ಗಂಡಸರು ಬೇಕಾದಷ್ಟಿದ್ದಾರೆ. ನೋವೂ ಲೆಕ್ಕಕ್ಕೆ ಬೇಕು ಸ್ವಾಮಿ.

ಆ ಲೆಕ್ಕದ ಹೆಸರು ಡ್ಯೂಕ್ ಸ್ಕೋರ್, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ್ದು. ನಡೆದ ನಿಮಿಷ ಬರೆಯಿರಿ. ಇಸಿಜಿಯ ಎಸ್‌ಟಿ ಗೆರೆ ಎಷ್ಟು ಮಿಲಿಮೀಟರ್ ಸರಿಯಿತೋ ಅದರ 5 ಪಟ್ಟು ಕಳೆಯಿರಿ (1ಕ್ಕಿಂತ ಕಡಿಮೆಯಾದರೆ ಸೊನ್ನೆ). ಆಮೇಲೆ ಎದೆನೋವು: ಬರಲಿಲ್ಲ ಅಂದರೆ ಏನೂ ಕಳೆಯಬೇಡಿ, ಬಂದರೂ ನಡೆದಿದ್ದರೆ 4, ನೋವಿಗೇ ನಿಲ್ಲಿಸಿದ್ದರೆ 8. ಮೇಷ್ಟ್ರದ್ದು ಐದೂವರೆ ನಿಮಿಷ, 1 ಮಿ.ಮೀ., ಸಣ್ಣ ನೋವು. 5.5ರಲ್ಲಿ 5 ಹೋಯಿತು, ಮತ್ತೆ 4 ಹೋಯಿತು, ಮೈನಸ್ ಮೂರೂವರೆ. 5 ಮತ್ತು ಅದಕ್ಕಿಂತ ಮೇಲೆ ಕಡಿಮೆ ಅಪಾಯ, ಮೈನಸ್ 11 ಮತ್ತು ಅದಕ್ಕಿಂತ ಕೆಳಗೆ ಹೆಚ್ಚು ಅಪಾಯ. ಮೇಷ್ಟ್ರು ನಡುವೆ ಬಂದರು. 1991ರಲ್ಲಿ ಪ್ರಕಟವಾದ ಡ್ಯೂಕ್ ಅಧ್ಯಯನದಲ್ಲಿ 4 ವರ್ಷದ ನಂತರ ಕಡಿಮೆ ಅಪಾಯದವರಲ್ಲಿ 100ಕ್ಕೆ 99 ಮಂದಿ ಬದುಕಿದ್ದರು, ಹೆಚ್ಚು ಅಪಾಯದವರಲ್ಲಿ 79. ಹಳೇ ಅಂಕಿ, ಈಗ ಚಿಕಿತ್ಸೆ ಸುಧಾರಿಸಿದೆ. ಆದರೂ ಯಾರಿಗೆ ಬೇಗ ಆಂಜಿಯೋಗ್ರಾಮ್ ಬೇಕು ಅಂತ ತೀರ್ಮಾನಿಸಲು ಡಾಕ್ಟರಿಗೆ ಈ ಸ್ಕೋರ್ ನೆರವಾಗುತ್ತದೆ.

ನಿಲ್ಲಿಸಿದ ಮೊದಲ ನಿಮಿಷವನ್ನು ಮರೆಯಬೇಡಿ. ನಿಧಾನವಾಗಿ ನಡೆಯುತ್ತಿರುವಾಗ ಬಡಿತ 12ಕ್ಕಿಂತ ಹೆಚ್ಚು ಇಳಿಯಬೇಕು. ಇಳಿಯದಿದ್ದರೆ ಒಳ್ಳೆಯ ಲಕ್ಷಣವಲ್ಲ. ನಡೆಯುವಾಗ ಬಿಪಿ ಏರುವ ಬದಲು ಕುಸಿದರಂತೂ ನಾವು ತಕ್ಷಣ ಬೆಲ್ಟ್ ನಿಲ್ಲಿಸುತ್ತೇವೆ.

ಎಡಗಡೆ ಬಂಡಲ್ ಬ್ರ್ಯಾಂಚ್ ಬ್ಲಾಕ್ (ಹೃದಯದ ಎಡಗಡೆಯ ವಿದ್ಯುತ್ ದಾರಿಯಲ್ಲಿ ತಡೆ) ಅಥವಾ ಪೇಸ್‌ಮೇಕರ್ ಇದ್ದವರಲ್ಲಿ ಎಸ್‌ಟಿ ಗೆರೆ ನಂಬುವಂತಿಲ್ಲ. ಮಂಡಿನೋವಿನವರಿಗೆ ನಿಮಿಷವೇ ಸಿಗುವುದಿಲ್ಲ. ಇವರಿಗೆ ಬೇರೆ ಟೆಸ್ಟ್ ಇವೆ.

ಹಳೇ ರಿಪೋರ್ಟ್ ಎಸೆಯಬೇಡಿ, ಮುಂದಿನ ಸಲ ಪಕ್ಕದಲ್ಲಿಟ್ಟು ನೋಡಬೇಕು. ಮೇಷ್ಟ್ರು ತಮ್ಮದನ್ನು ಹೊಲದ ಪಹಣಿಗಳ ಜೊತೆ ಇಟ್ಟಿದ್ದರು. ಸ್ಟೆಂಟ್ ಹಾಕಿಸಿಕೊಂಡು ಮರುವರ್ಷ ಬಂದಾಗ ಅದೇ ಕಟ್ಟು ಬಿಚ್ಚಿದರು. ಐದೂವರೆ ಇದ್ದದ್ದು ಎಂಟಾಗಿತ್ತು. ಈ ಸಲ ಶೂ ಅವರದ್ದೇ.