ಕಪ್ಪತಗುಡ್ಡಕ್ಕೆ ಎರಡನೇ ಸಲ

ಮೊದಲ ಸಲ ಗದಗ ಜಿಲ್ಲೆಯ ಕಪ್ಪತಗುಡ್ಡ ಹತ್ತಿದ್ದು ಏಪ್ರಿಲ್‌ನಲ್ಲಿ. ಹುಬ್ಬಳ್ಳಿಯಿಂದ ಕಾರಿನಲ್ಲಿ ಹೋಗಿ, ಕಪ್ಪತಮಲ್ಲಯ್ಯನಿಗೆ ಕಾಯಿ ಒಡೆಸಿ, ಗಾಳಿಯಂತ್ರಗಳ ಕಡೆ ಮುಖ ಮಾಡಿ ಫೋಟೊ ತೆಗೆಸಿಕೊಂಡು ಎರಡೇ ತಾಸಿನಲ್ಲಿ ಇಳಿದುಬಂದೆವು. ಕಣ್ಣಿಗೆ ಬಿದ್ದದ್ದು ಒಣಹುಲ್ಲು, ಕೆಂಪು ಮಣ್ಣು. ‘ಎಪ್ಪತ್ತು ಗಿರಿಗಿಂತ ಕಪ್ಪತಗಿರಿ ಮೇಲು’ ಅಂತ ನಮ್ಮ ಹಿರಿಯರು ಯಾಕೆ ಅನ್ನುತ್ತಾರೋ ಅರ್ಥವೇ ಆಗಲಿಲ್ಲ.

ಮುಂದಿನ ಸಲ ಸೆಪ್ಟೆಂಬರ್‌ನಲ್ಲಿ ಹೋದೆ, ಗುಡ್ಡಕ್ಕೆ ಹತ್ತಿರದ ಡಂಬಳದ ನಮ್ಮ ಕಾಕಾನ ಜೊತೆ. ಅವರಿಗೆ ಗಿಡಮೂಲಿಕೆ ಗೊತ್ತು. ಬೆಳಿಗ್ಗೆ ಮೊದಲು ಅವರೂರಿನ ದೊಡ್ಡಬಸಪ್ಪನ ಗುಡಿಗೆ ಕರೆದೊಯ್ದರು. ಚಾಲುಕ್ಯರ ಕಾಲದ, 12ನೇ ಶತಮಾನದ ಗುಡಿ. ಗರ್ಭಗುಡಿಯ ವಿನ್ಯಾಸ 24 ಮೂಲೆಗಳ ನಕ್ಷತ್ರ. ಓರೆಬಿಸಿಲಿನಲ್ಲಿ ಸುತ್ತು ಹಾಕುವಾಗ ಒಂದು ಮೂಲೆ ಬೆಳಗಿದರೆ ಪಕ್ಕದ್ದು ನೆರಳಲ್ಲಿ. ಡಂಬಳ ಒಂದು ಕಾಲಕ್ಕೆ ಬೌದ್ಧರ ತಾರಾದೇವಿಯ ನೆಲೆಯೂ ಆಗಿತ್ತು.

ಹೊರಡುವಾಗ ಕಾಕಾ ತಮ್ಮ ಹೊಲದ ಬೇಲಿಯ ಬಳ್ಳಿಯಿಂದ ಎರಡು ಎಲೆ ಕಿತ್ತುಕೊಟ್ಟರು. “ಇದನ್ನ ಛಲೋತ್ನಂಗ ಜಗಿ. ಆಮ್ಯಾಲೆ ನಿನ್ನ ಪೇಢೆ ತಿನ್ನು.” ಒಗರು, ಕಹಿ. ಆಮೇಲೆ ಧಾರವಾಡ ಪೇಢೆ ಬಾಯಿಗಿಟ್ಟರೆ ಜಿಡ್ಡು ಕಲಸಿದ ಮರಳಿನ ಹಾಗಿತ್ತು, ಸಿಹಿಯ ಸುಳಿವೇ ಇಲ್ಲ! ಆ ಬಳ್ಳಿಯ ಹೆಸರೇ ಮಧುನಾಶಿನಿ. “ಇಂಥಾವು ಗುಡ್ಡದಾಗ ಎಷ್ಟೋ ಅದಾವು. ಆದ್ರ ಅಲ್ಲಿ ಒಂದು ಎಲಿನೂ ಮುಟ್ಟಬ್ಯಾಡ,” ಅಂದರು.

ಡೋಣಿ ಊರಿನ ಕಡೆಯಿಂದ ಹತ್ತಿದೆವು, ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ. ಕಾರಿನಿಂದ ಬರೀ ಹುಲ್ಲಾಗಿ ಕಂಡಿದ್ದ ಇಳಿಜಾರಿನಲ್ಲಿ ಕಾಕಾ ಹತ್ತು ಹೆಜ್ಜೆಗೊಮ್ಮೆ ಕುಕ್ಕರುಗಾಲಲ್ಲಿ ಕೂತು ಒಂದೊಂದು ಗಿಡ ತೋರಿಸಿದರು. ಒಂದು ಬಂಡೆಯ ಪಕ್ಕ ಸುಣ್ಣದ ಉಂಡೆಯಂಥದ್ದು ಬಿದ್ದಿತ್ತು. ಕತ್ತೆಕಿರುಬದ ಹಿಕ್ಕೆ. ಅದು ಎಲುಬನ್ನೂ ಅಗಿದು ತಿನ್ನುವುದರಿಂದ ಹಿಕ್ಕೆ ಒಣಗಿದಾಗ ಬೆಳ್ಳಗಾಗುತ್ತದೆ. ಕಿರುಬ, ತೋಳ, ನಾಲ್ಕು ಕೊಂಬಿನ ಕೊಂಡುಕುರಿ ಯಾವುದೂ ನಮಗೆ ಕಾಣಲಿಲ್ಲ. ನವಿಲಿನ ಕೂಗು ಮಾತ್ರ ಕೇಳಿತು. ನನಗೆ ಆ ಬಿಳಿ ಉಂಡೆಯೇ ಸಾಕಾಯಿತು.

ಈ ಗುಡ್ಡದ ಒಡಲಲ್ಲಿ ಬಂಗಾರವಿದೆ, ಕಬ್ಬಿಣದ ಅದಿರಿದೆ. ಅದಕ್ಕೇ ಗಣಿಯವರ ಕಣ್ಣು ಇದರ ಮೇಲೆ ಬಿದ್ದಿತ್ತು; ಇದು ಉಳಿದದ್ದು ಸುಮ್ಮನೆ ಅಲ್ಲ. 2015ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಘೋಷಿಸಿ ಮರುವರ್ಷ ಕೈಬಿಟ್ಟಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಜನ ಬೀದಿಗಿಳಿದರು; 2017ರಲ್ಲಿ ಆ ಮಾನ್ಯತೆ ಮರಳಿ ಬಂತು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು.

ಹೋಗುವವರು ಮಳೆ ಬಿದ್ದ ಮೇಲೆ ಹೋಗಿ, ನೀರು ಒಯ್ಯಿರಿ, ಗಿಡ ಬಲ್ಲವರೊಬ್ಬರು ಜೊತೆಗಿರಲಿ. ಬೇಸಿಗೆಯಲ್ಲಿ ಹುಲ್ಲಿಗೆ ಕಿಡಿ ತಾಗಿದರೆ ಇಳಿಜಾರಿಗೆ ಇಳಿಜಾರೇ ಉರಿಯುತ್ತದೆ. ಕಾಕಾ ಡೋಣಿಯಲ್ಲೇ ತಮ್ಮ ಬೀಡಿ, ಕಡ್ಡಿಪೆಟ್ಟಿಗೆ ಚಹಾದಂಗಡಿಯಲ್ಲಿ ಇಟ್ಟು ಬಂದಿದ್ದರು. ಇಳಿದ ಮೇಲೆ ಕೇಳಿ ಪಡೆದು ಅಲ್ಲೇ ಕೂತು ಒಂದು ಹಚ್ಚಿದರು.