ಕೆಲಸ ಹೋದ ಮ್ಯಾಲ ಮೊದಲ ತಿಂಗಳು

ಹುಬ್ಬಳ್ಳಿ ಗೋಕುಲ ರೋಡಿನ ವರ್ಕ್‌ಶಾಪಿನ್ಯಾಗ ಹನ್ನೊಂದು ವರ್ಷ ಲೇಥ್ ನಡೆಸಿದವ ನಾನು. ಕೆಲಸ ಹೋದದ್ದನ್ನ ಹದಿನೆಂಟು ದಿನ ಮನ್ಯಾಗ ಹೇಳಲಿಲ್ಲ. ಬುತ್ತಿ ಕಟ್ಟಿಸಿಕೊಂಡು ಹೋಗಿ ಉಣಕಲ್ ಕೆರಿ ದಂಡಿಮ್ಯಾಲ ಕುಂತು ಬರ್ತಿದ್ದೆ. ಅದೊಂದು ಮಾಡಬ್ಯಾಡ್ರಿ, ಮೊದಲ ದಿನಾನ ಹೇಳ್ರಿ. ನಾ ಹೇಳಿದ ರಾತ್ರಿ ನನ್ನಾಕಿ ಅಳಲಿಲ್ಲ. ಮಗಳ ಹಳೇ ನೋಟ್‌ಬುಕ್ ತಂದು ಮುಂದಿಟ್ಟಳು.

ಅದರಾಗ ಎಲ್ಲಾ ಸಾಲ ಬರದ್ವಿ, ಅಂಗಡಿ ಉದ್ರಿ ಸೈತ. ಮೂರು ಲಕ್ಷ ಅಂತ ನನ್ನ ಎದಿಯೊಳಗ ಕುಂತಿತ್ತು. ಕೂಡಿಸಿದ್ರ 1,40,000 ಇತ್ತು. ಆ ರಾತ್ರಿ ಸ್ವಲ್ಪ ನಿದ್ದಿ ಬಂತು. ನೀವೂ ಬರೀರಿ. ಬಾಡಿಗಿ, ಜ್ವಾಳ, ಅಕ್ಕಿ, ಸಾಲಿ ಫೀ, ಔಷಧ ಮೊದಲು, ಉಳಿದದ್ದು ಆಮ್ಯಾಲ. ಕಂತು ತಪ್ಪೋಕಿಂತ ಮೊದಲ ಬ್ಯಾಂಕಿಗೆ ಹೋಗಿ ಅರ್ಜಿ ಬರದು ಅವಧಿ ಕೇಳ್ರಿ, ಪ್ರತಿಮ್ಯಾಲ ಸಿಕ್ಕಾ ಹಾಕಿಸಿಕೊಳ್ರಿ. ಒಂದು ಕಂತು ಕಟ್ಟಲಿಕ್ಕೆ ಮೊಬೈಲ್ ಆ್ಯಪಿನ ಸಾಲ ಮಾತ್ರ ತಗೋಬ್ಯಾಡ್ರಿ, ಕೈಮುಗಿದು ಹೇಳ್ತೇನಿ.

ಮುಂಜಾನೆ ಆರಕ್ಕ ಎದ್ದು ಜಳಕ ಮಾಡ್ರಿ. ಹನ್ನೆರಡರ ತನಕ ಕೆಲಸ ಹುಡುಕ್ರಿ. ನಾನು ತಾರಿಹಾಳ ಕೈಗಾರಿಕಾ ಪ್ರದೇಶದಾಗ ದಿನಾ ಎರಡು ಫ್ಯಾಕ್ಟರಿ ಗೇಟಿಗಷ್ಟ ಹೋಗ್ತಿದ್ದೆ. ಹತ್ತು ಕಡೆ "ಇಲ್ಲ" ಅನಿಸಿಕೊಂಡ್ರ ಮರುದಿನ ಕಾಲು ಏಳಂಗಿಲ್ಲ.

ವಾರಗಟ್ಟಲೆ ನಿದ್ದಿ ಬರದಿದ್ರ, ಜೀವಾನ ಬ್ಯಾಡ ಅನಿಸಿದ್ರ ಒಬ್ಬರೇ ಕುಂದ್ರಬ್ಯಾಡ್ರಿ. ಮನಸ್ಸಿನ ತ್ರಾಸಿಗೆ ಸರಕಾರ ನಡೆಸೋ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ. ರೊಕ್ಕ ಬೀಳಂಗಿಲ್ಲ, ಹಗಲು-ರಾತ್ರಿ ಕನ್ನಡದಾಗ ಮಾತಾಡಬಹುದು. ಧಾರವಾಡದಾಗ ಡಿಮ್ಹಾನ್ಸ್ ಅಂತ ಮನಸ್ಸಿನ ಕಾಯಿಲೆಯ ಸರಕಾರಿ ದವಾಖಾನಿನೂ ಐತಿ. ನಾನು ರಾತ್ರಿ ಎರಡಕ್ಕ ಫೋನ್ ಹಚ್ಚಿದಾಗ ಆ ಕಡೆಯ ಹೆಣ್ಮಗಳು ಮೊದಲ ಕೇಳಿದ್ದು, "ಊಟ ಮಾಡೀರೇನ್ರೀ?"